ಬಾಣಂತಿಕೋಣೆಯಿಂದ ಮಹಾನಗರದ ಅಡುಗೆಮನೆಗೆ: ಕರ್ನಾಟಕದಲ್ಲಿ ತಾಯಂದಿರ ನೆರವಿನ ದುಡಿಮೆಯ ಚಾರಿತ್ರಿಕ ನೆಲೆಗಳು

ಪೀಠಿಕೆ

ಕರ್ನಾಟಕದ ಚರಿತ್ರೆಯ ಬರವಣಿಗೆಯಲ್ಲಿ ದುಡಿಮೆ ಎಂಬ ಮಾತು ಬಂದಾಗ ಮೊದಲು ನೆನಪಾಗುವುದು ಹೊಲ, ಗದ್ದೆ, ಕಾಫಿ ತೋಟ, ಚಿನ್ನದ ಗಣಿ, ಮಗ್ಗ ಮತ್ತು ಕಾರ್ಖಾನೆಗಳು. ಒಲೆಯ ಮುಂದೆ, ಬಚ್ಚಲಿನಲ್ಲಿ, ತೊಟ್ಟಿಲ ಬದಿಯಲ್ಲಿ ನಡೆದ ದುಡಿಮೆಗೆ ದಾಖಲೆಗಳಲ್ಲಿ ದೊರೆತಿರುವ ಎಡೆ ತೀರ ಕಿರಿದು. ಮನೆಯೊಳಗಿನ ದುಡಿಮೆಯನ್ನು ಪರಿಗಣಿಸಿದ ಅಧ್ಯಯನಗಳೂ ಗೃಹಿಣಿಯ ಶ್ರಮವನ್ನು ಕುರಿತು ಚರ್ಚಿಸಿದಷ್ಟು ಆ ಗೃಹಿಣಿಗೆ ನೆರವಾಗಲು ಹೊರಗಿನಿಂದ ಬಂದ ಹೆಣ್ಣಿನ ಶ್ರಮವನ್ನು ಕುರಿತು ಚರ್ಚಿಸಿಲ್ಲ. ಎಳೆಗೂಸಿನ ತಾಯಿಯೊಬ್ಬಳು ಒಂಟಿಯಾಗಿ ಮನೆಯ ಭಾರವನ್ನೆಲ್ಲ ಹೊರಲಾರಳು ಎಂಬ ತಿಳಿವಳಿಕೆ ಜನಪದ ಸಮಾಜಕ್ಕೆ ಹಿಂದಿನಿಂದಲೂ ಇತ್ತು. ಆದರೆ ಆ ಭಾರವನ್ನು ಯಾರು ಹಂಚಿಕೊಳ್ಳಬೇಕು, ಹಂಚಿಕೊಂಡವರಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ.

ಈ ಉತ್ತರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮುಯ್ಯಿ, ಅಂದರೆ ಇಂದು ನೀನು ನನಗೆ, ನಾಳೆ ನಾನು ನಿನಗೆ ಎಂಬ ಕೊಡುಕೊಳೆ. ಎರಡನೆಯದು ಆಯ, ಅಂದರೆ ಊರಿನ ಕಟ್ಟಳೆಯಂತೆ ವೃತ್ತಿಯವರಿಗೆ ಸಲ್ಲುವ ಕಾಳುಕಡ್ಡಿಯ ಪಾಲು. ಮೂರನೆಯದು ಜೀತ, ಸಾಲಕ್ಕೋ ಹುಟ್ಟಿಗೋ ಕಟ್ಟುಬಿದ್ದ ಬಲವಂತದ ದುಡಿಮೆ. ನಾಲ್ಕನೆಯದು ಸಂಬಳ, ಹಣಕ್ಕೆ ಹೊತ್ತನ್ನು ಮಾರುವ ಕ್ರಮ. ಈ ನಾಲ್ಕೂ ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ಸಾಲಾಗಿ ಬಂದವುಗಳಲ್ಲ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಅವು ಜೊತೆಜೊತೆಯಾಗಿಯೇ ಇದ್ದವು. ಆದರೂ ಒಟ್ಟು ಚಲನೆಯಲ್ಲಿ ಒಂದು ದಿಕ್ಕನ್ನು ಗುರುತಿಸುವುದು ಸಾಧ್ಯ. ಆ ದಿಕ್ಕನ್ನು ಶಬ್ದ, ಆಚರಣೆ, ಕಥನ ಹಾಗೂ ಕಾನೂನು ಎಂಬ ನಾಲ್ಕು ಆಕರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಶಬ್ದಗಳು ಹೇಳುವ ಚರಿತ್ರೆ

ಮನೆಯ ನೆರವಿಗೆ ನಿಂತ ಹೆಣ್ಣನ್ನು ಹೆಸರಿಸಲು ಕನ್ನಡದಲ್ಲಿ ಹಲವು ಶಬ್ದಗಳಿವೆ. ತೊತ್ತು, ಗೌಡಿ, ಊಳಿಗದವಳು, ದಾದಿ, ದಾಯಿ, ಸೂಲಗಿತ್ತಿ, ಆಯಾ, ಕೆಲಸದವಳು, ಮನೆಗೆಲಸದಾಕೆ. ಪ್ರತಿಯೊಂದು ಶಬ್ದದ ಹಿಂದೆಯೂ ಒಂದೊಂದು ಸಾಮಾಜಿಕ ಸಂಬಂಧ ಅಡಗಿದೆ. ತೊತ್ತು ಎಂಬುದು ಹಳಗನ್ನಡದ 'ತೊೞ್ತು' ಎಂಬುದರಿಂದ ಬಂದದ್ದು; ಒಡೆತನಕ್ಕೆ ಒಳಗಾದ ಹೆಣ್ಣು ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ. ಮುಂದೆ ಅದು ಬೈಗುಳವಾಗಿ ಉಳಿದುಕೊಂಡದ್ದು ಆ ದುಡಿಮೆಗೆ ಸಮಾಜ ಕೊಟ್ಟ ಬೆಲೆಯ ಸೂಚನೆಯೂ ಹೌದು. ಊಳಿಗ ಎಂಬುದು ಸೇವೆ ಎಂಬ ಅರ್ಥದ ಶಬ್ದ. ಅರಮನೆಯ ಉನ್ನತ ಸೇವೆಯಿಂದ ಹಿಡಿದು ಕಸ ಗುಡಿಸುವವರೆಗಿನ ಎಲ್ಲಕ್ಕೂ ಅದು ಸಲ್ಲುತ್ತಿತ್ತು.

ದಾದಿ ಎಂಬ ಶಬ್ದದ ಪಯಣ ಇನ್ನೂ ಕುತೂಹಲಕರವಾದುದು. ಸಂಸ್ಕೃತದ 'ಧಾತ್ರೀ' ಶಬ್ದಕ್ಕೆ ಸಂಬಂಧಿಸಿದ ಇದು ಮೂಲತಃ ಮೊಲೆಯೂಡಿಸಿ ಸಾಕುವವಳು ಎಂಬ ಅರ್ಥದ್ದು. ಜೈನ ಪರಂಪರೆಯಲ್ಲಿ ಐವರು ಧಾತ್ರಿಯರ ಕಲ್ಪನೆಯಿದೆ. ಹಾಲೂಡಿಸುವವಳು ಕ್ಷೀರಧಾತ್ರಿ, ಮೀಯಿಸುವವಳು ಮಜ್ಜನಧಾತ್ರಿ, ಸಿಂಗರಿಸುವವಳು ಮಂಡನಧಾತ್ರಿ, ಆಡಿಸುವವಳು ಕ್ರೀಡಾಧಾತ್ರಿ, ಎತ್ತಿಕೊಳ್ಳುವವಳು ಅಂಕಧಾತ್ರಿ. ತಾಯಿಯೊಬ್ಬಳು ಮಾಡುವ ಕೆಲಸಗಳನ್ನು ಐದು ಪ್ರತ್ಯೇಕ ದುಡಿಮೆಗಳೆಂದು ಎಣಿಸಿ ಹೆಸರಿಟ್ಟ ಈ ವಿಂಗಡಣೆ ಗಮನಾರ್ಹವಾಗಿದೆ. ಅರಸುಮನೆಗೆ ಐವರು ಬೇಕಾದ ಕೆಲಸವನ್ನು ಬಡವರ ಮನೆಯಲ್ಲಿ ಒಬ್ಬಳೇ ನಿರ್ವಹಿಸುತ್ತಿದ್ದಳು ಎಂಬ ಅಂಶ ಈ ಪಟ್ಟಿಯಲ್ಲಿ ಹೇಳದೆಯೇ ವ್ಯಕ್ತವಾಗಿದೆ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದ ಶ್ರೀಮತಿಯ ಕಥೆಯಲ್ಲಿ ಬರುವ ಪಂಡಿತೆ, ಶ್ರೀಮತಿಯ ಒಳಗುಟ್ಟನ್ನು ಅರಿತು ಆಕೆಯ ಬದುಕನ್ನು ದಡ ಸೇರಿಸುವ ದಾದಿ. ಇಲ್ಲಿ ದಾದಿ ಎಂದರೆ ಬುದ್ಧಿವಂತೆ, ನಂಬಿಕಸ್ಥೆ. ಇಪ್ಪತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಇದೇ ಶಬ್ದ ಆಸ್ಪತ್ರೆಯ ಶುಶ್ರೂಷಕಿಗೆ ಸಲ್ಲತೊಡಗಿತು. ಮನೆಯ ಮಗುವನ್ನು ನೋಡಿಕೊಳ್ಳುವವಳಿಗೆ ಪೋರ್ಚುಗೀಸ್ ಮೂಲದ 'ಆಯಾ' ಎಂಬ ಶಬ್ದ ವಸಾಹತು ಕಾಲದ ಬಂಗಲೆಗಳ ಮೂಲಕ ಬಂದು ನೆಲೆಸಿತು.

ಹನ್ನೆರಡನೆಯ ಶತಮಾನದ ಶರಣ ಚಳವಳಿ ಈ ದುಡಿಮೆಗೆ ಬೇರೊಂದು ನೋಟವನ್ನು ತಂದಿತು. ಕೊಟ್ಟಣದ ಸೋಮಮ್ಮ ಬತ್ತ ಕುಟ್ಟುವ ಕಾಯಕದವಳು. ಕೊಟ್ಟಣವೆಂದರೆ ಬತ್ತವನ್ನು ಕುಟ್ಟುವ ಕೆಲಸ. ಸತ್ಯಕ್ಕನದು ಶಿವಭಕ್ತರ ಮನೆಯಂಗಳ ಗುಡಿಸುವ ಕಾಯಕವೆಂಬುದು ಪ್ರತೀತಿ. ತೊತ್ತಿನ ಕೆಲಸವೆಂದು ಹೀಗಳೆಯಲ್ಪಟ್ಟ ದುಡಿಮೆಯನ್ನೇ ಕಾಯಕವೆಂದು ಕರೆದುಕೊಂಡ ಈ ಹೆಂಗಸರು ತಮ್ಮ ದುಡಿಮೆಯ ಗುರುತಿನಿಂದಲೇ ಚರಿತ್ರೆಯಲ್ಲಿ ಉಳಿದಿದ್ದಾರೆ. ಮನೆಗೆಲಸಕ್ಕೆ ಘನತೆಯ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದ ಮೊದಲ ದನಿಗಳಲ್ಲಿ ಇವರದೂ ಸೇರುತ್ತದೆ. ಆದರೆ ಆ ಘನತೆ ಚಳವಳಿಯ ಆವರಣವನ್ನು ದಾಟಿ ಊರಿನ ವ್ಯವಹಾರದ ಕಟ್ಟಳೆಯಾಗಲಿಲ್ಲ.

ಬಾಣಂತನ: ನೆರವಿನ ಕಟ್ಟುಪಾಡು

ತಾಯಿಯ ಭಾರವನ್ನು ಇಳಿಸಲು ಜನಪದ ಸಮಾಜ ರೂಪಿಸಿಕೊಂಡ ಅತ್ಯಂತ ವ್ಯವಸ್ಥಿತವಾದ ಏರ್ಪಾಡು ಬಾಣಂತನ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಹೆರಿಗೆಯ ನಂತರ ಕೆಲವು ತಿಂಗಳು ಅಲ್ಲಿಯೇ ಉಳಿಸಿಕೊಳ್ಳುವುದು, ಆ ಅವಧಿಯಲ್ಲಿ ಒಲೆ, ನೀರು, ಬೀಸುವ ಕಲ್ಲು, ಒನಕೆಗಳಿಂದ ಅವಳನ್ನು ದೂರವಿಡುವುದು ಇದರ ಮುಖ್ಯ ಅಂಗಗಳು. ಪುರುಡಿನ ಮೈಲಿಗೆ ಎಂಬ ಕಲ್ಪನೆ ಇದಕ್ಕೆ ಕಾವಲಾಗಿತ್ತು. ಬಾಣಂತಿ ಅಡುಗೆಮನೆಗೆ ಬರಕೂಡದು, ಬಾವಿಯ ಹಗ್ಗ ಮುಟ್ಟಕೂಡದು ಎಂಬ ನಿಷೇಧಗಳು ಒಂದೆಡೆ ಹೆಣ್ಣಿನ ಮೈಯನ್ನು ಅಶುದ್ಧವೆಂದು ಸಾರುತ್ತಿದ್ದವು. ಇನ್ನೊಂದೆಡೆ ಅವೇ ನಿಷೇಧಗಳು ಅವಳಿಗೆ ಬಿಡುವನ್ನೂ ಒದಗಿಸಿದವು. ಅತ್ತೆಯ ಮನೆಯಲ್ಲಿ ದಣಿವೆಂಬ ಕಾರಣಕ್ಕೆ ಸಿಗದ ವಿಶ್ರಾಂತಿ ಮೈಲಿಗೆಯೆಂಬ ಕಾರಣಕ್ಕೆ ಸಿಗುತ್ತಿತ್ತು. ಹೀಗಾಗಿ ಪುರುಡನ್ನು ಕೇವಲ ಅಪಮಾನದ ಆಚರಣೆಯೆಂದೋ ಕೇವಲ ಆರೈಕೆಯ ಜಾಣತನವೆಂದೋ ಓದುವುದು ಅಪೂರ್ಣವಾಗುತ್ತದೆ.

ಬಾಣಂತನದ ದುಡಿಮೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಹಲವು ಕೈಗಳು ಸೇರಿರುವುದು ತಿಳಿಯುತ್ತದೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಹಂಡೆಯಲ್ಲಿ ನೀರು ಕಾಯಿಸಿ, ಬಾಣಂತಿಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ಯುವವಳು ಅವಳೇ ಆಗಿರಬಹುದು, ನೆರೆಯ ಅನುಭವಸ್ಥ ಮುದುಕಿಯೂ ಆಗಿರಬಹುದು. ಕಾಲು ನೀಡಿ ಕುಳಿತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯುವುದು, ಮೂಗುತಲೆ ತಿದ್ದುವುದು, ಸಾಂಬ್ರಾಣಿಯ ಹೊಗೆ ಹಾಕುವುದು, ಬಜೆ ತೇಯ್ದು ನೆಕ್ಕಿಸುವುದು ವಿಶೇಷ ಪರಿಣತಿಯ ಕೆಲಸಗಳಾಗಿದ್ದವು. ಮೈಲಿಗೆ ಬಟ್ಟೆಗಳನ್ನು ಒಗೆಯುವುದು ಅಗಸಗಿತ್ತಿಯ ಪಾಲು. ಹಲವು ಊರುಗಳಲ್ಲಿ ಸೂಲಗಿತ್ತಿತನ ಕ್ಷೌರವೃತ್ತಿಯ ಮನೆತನದ ಹೆಂಗಸರಿಗೆ ಸೇರಿತ್ತು. ಬೇರೆ ಕಡೆಗಳಲ್ಲಿ ದಲಿತ ಸಮುದಾಯದ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಅಡುಗೆ, ಕಷಾಯ, ಬಾಣಂತಿಯ ಪಥ್ಯದ ಊಟ ಮಾತ್ರ ಮನೆಯವರ ಕೈಯಲ್ಲಿಯೇ ಉಳಿದವು. ಹೆರಿಗೆಯ ರಕ್ತವನ್ನು ಮುಟ್ಟಬಹುದಾದ ಕೈ ಅದೇ ಮನೆಯ ಅನ್ನದ ಪಾತ್ರೆಯನ್ನು ಮುಟ್ಟಕೂಡದಾಗಿತ್ತು. ನೆರವಿನ ಹಂಚಿಕೆಯಲ್ಲಿಯೇ ಜಾತಿಯ ಗೆರೆ ಎಷ್ಟು ಖಚಿತವಾಗಿ ಎಳೆಯಲ್ಪಟ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ನೆರವಿಗೆ ಸಲ್ಲುತ್ತಿದ್ದುದು ಸಂಬಳವಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಮೊರದ ತುಂಬ ಅಕ್ಕಿ ಅಥವಾ ರಾಗಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ, ಅನುಕೂಲವಿದ್ದವರಲ್ಲಿ ಒಂದು ಸೀರೆ. ಉತ್ತರ ಕರ್ನಾಟಕದಲ್ಲಿ ಜೋಳ, ಕುಬಸದ ಖಣ, ಉಡಿ ತುಂಬುವ ಮರ್ಯಾದೆ ಹೀಗೆ ವಸ್ತುರೂಪದ ಸಂದಾಯ ರೂಢಿಯಲ್ಲಿತ್ತು. ಅಗಸ, ಕ್ಷೌರಿಕ ಮೊದಲಾದ ಆಯಗಾರ ಕುಟುಂಬಗಳಿಗೆ ಸುಗ್ಗಿಯ ಕಣದಲ್ಲಿ ಸಲ್ಲುತ್ತಿದ್ದ ಪಾಲಿನಲ್ಲಿಯೇ ಅವರ ಮನೆಯ ಹೆಂಗಸರ ದುಡಿಮೆಯೂ ಅಡಕವಾಗಿತ್ತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆಯ ಸಲ್ಲುತ್ತಿದ್ದುದು ಗಂಡಸಿನ ಹೆಸರಿನಲ್ಲಿ; ಹನ್ನೆರಡು ಆಯಗಾರರ ಪಟ್ಟಿಗಳಲ್ಲಿ ಸೂಲಗಿತ್ತಿ ಸಾಮಾನ್ಯವಾಗಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದಿಲ್ಲ. ಎರಡನೆಯದಾಗಿ, ಸಂದಾಯ ಕೆಲಸದ ಹೊತ್ತನ್ನು ಅಳೆಯುತ್ತಿರಲಿಲ್ಲ. ಹೆರಿಗೆ ಒಂದು ಗಳಿಗೆಯಲ್ಲಿ ಆಗಲಿ, ಎರಡು ರಾತ್ರಿ ಹಿಡಿಯಲಿ, ಮೊರದ ಅಕ್ಕಿ ಅಷ್ಟೇ.

ಹಣವನ್ನು ಮುಟ್ಟದ ಈ ವೃತ್ತಿನೀತಿ ಇತ್ತೀಚಿನವರೆಗೂ ಜೀವಂತವಾಗಿತ್ತು ಎಂಬುದಕ್ಕೆ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಬದುಕು ಸಾಕ್ಷಿಯಾಗಿದೆ. ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತ ಅವರು ವೈದ್ಯಕೀಯ ಸೌಲಭ್ಯ ವಿರಳವಾಗಿದ್ದ ಆ ಬರಸೀಮೆಯಲ್ಲಿ ಹಣ ಪಡೆಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ನಿಧನರಾದರು. ಊರು ಮೊರದ ಅಕ್ಕಿಯಲ್ಲಿ ತೀರಿಸುತ್ತಿದ್ದ ಋಣವನ್ನು ರಾಷ್ಟ್ರ ಒಂದು ಪದಕದಲ್ಲಿ ತೀರಿಸಿತು. ಆದರೆ ಅವರಂತೆಯೇ ದುಡಿದ ಅಸಂಖ್ಯ ಸೂಲಗಿತ್ತಿಯರು ಹೆಸರಿಲ್ಲದೆ ಹೋದರು ಎಂಬುದನ್ನು ಮರೆಯುವಂತಿಲ್ಲ.

ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನ ಸಮುದಾಯಗಳಲ್ಲಿ ಚಿತ್ರ ಸ್ವಲ್ಪ ಭಿನ್ನವಾಗಿತ್ತು. ತಾಯಿಯ ಕಡೆಯ ಕುಟುಂಬವೇ ಹಕ್ಕಿನ ನೆಲೆಯಾಗಿದ್ದ ಅಲ್ಲಿ ತುಳುವಿನ 'ಪೆದ್ಮೆದಿ', ಅಂದರೆ ಬಾಣಂತಿ, ತವರಿಗೆ ಬಂದ ಅತಿಥಿಯಾಗಿರದೆ ತನ್ನದೇ ಕುಟುಂಬದ ಸದಸ್ಯೆಯಾಗಿದ್ದಳು. ತಾಯಿ, ದೊಡ್ಡಮ್ಮ, ಅಕ್ಕತಂಗಿಯರ ನೆರವು ಹಕ್ಕಾಗಿಯೇ ಒದಗುತ್ತಿತ್ತು. ನೆರವಿನ ಸ್ವರೂಪವನ್ನು ಆಸ್ತಿಯ ಸ್ವರೂಪ ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ಈ ಭಿನ್ನತೆ ತೋರಿಸುತ್ತದೆ.

ಬಲವಂತದ ನೆರವು

ಮುಯ್ಯಿ ಮತ್ತು ಆಯಗಳ ಈ ಲೋಕದ ಪಕ್ಕದಲ್ಲಿಯೇ ಇನ್ನೊಂದು ಲೋಕವಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಹದಿನಾರನೆಯ ಶತಮಾನದಲ್ಲಿ ಅರಮನೆಯ ಒಳಾಂಗಣದಲ್ಲಿ ಅಡುಗೆಯಿಂದ ಹಿಡಿದು ಲೆಕ್ಕ ಬರೆಯುವವರೆಗೆ ನಾನಾ ಊಳಿಗಗಳಲ್ಲಿ ತೊಡಗಿದ್ದ ಹೆಂಗಸರ ದೊಡ್ಡ ಸಮೂಹವನ್ನು ವರ್ಣಿಸಿದ್ದಾನೆ. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯಲ್ಲಿ ಭೂಮಿಯೊಡೆಯರಿಗೆ ಸೇರಿದ ಗುಲಾಮರ ಸ್ಥಿತಿಗತಿಯನ್ನು ದಾಖಲಿಸಿದ್ದಾನೆ. ಕಂಪನಿ ಸರ್ಕಾರ 1843ರ ಕಾಯ್ದೆಯ ಮೂಲಕ ಗುಲಾಮಗಿರಿಯ ಕಾನೂನುಬದ್ಧ ಮಾನ್ಯತೆಯನ್ನು ಕಿತ್ತುಹಾಕಿತಾದರೂ ಸಾಲದ ಕಟ್ಟಿನ ಜೀತ ಮುಂದುವರಿಯಿತು.

ಜೀತವೆಂದರೆ ಹೊಲದ ದುಡಿಮೆಯೆಂದು ಭಾವಿಸುವುದು ವಾಡಿಕೆ. ಆದರೆ ಜೀತದ ಆಳಿನ ಹೆಂಡತಿ, ಮಕ್ಕಳ ದುಡಿಮೆಯೂ ಒಡೆಯನ ಮನೆಗೆ ಸೇರಿತ್ತು. ಸೆಗಣಿ ಬಾಚುವುದು, ನೀರು ತರುವುದು, ಬತ್ತ ಕುಟ್ಟುವುದು, ಒಡತಿಯ ಮಗುವನ್ನು ಅಂಗಳದಲ್ಲಿ ಆಡಿಸುವುದು ಅವರ ಪಾಲಿನ ಕೆಲಸಗಳು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳು ಮಲೆನಾಡಿನ ಹೆಗ್ಗಡೆ ಮನೆಗಳನ್ನು ಚಿತ್ರಿಸುವಾಗ ಆ ಮನೆಗಳನ್ನು ನಡೆಸುತ್ತಿದ್ದ ಬೇಲರ ಜೀತದ ಬದುಕನ್ನೂ ಮರೆಯದೆ ಚಿತ್ರಿಸಿವೆ. ದೊಡ್ಡ ಮನೆಯ ಹೆಣ್ಣುಮಕ್ಕಳ ಅಲ್ಪಸ್ವಲ್ಪ ಬಿಡುವಿಗೆ ಜೀತದವರ ಬಿಡಾರದ ಹೆಣ್ಣುಮಕ್ಕಳ ಬಿಡುವಿಲ್ಲದ ದುಡಿಮೆ ಆಧಾರವಾಗಿತ್ತು ಎಂಬುದನ್ನು ಈ ಕೃತಿಗಳ ಓದಿನಿಂದ ಅರಿಯಬಹುದು.

ಇದರಲ್ಲಿ ಅತ್ಯಂತ ಕರುಣಾಜನಕವಾದುದು 'ಮಗು ಎತ್ತಿಕೊಳ್ಳುವ ಹುಡುಗಿ'ಯ ಸ್ಥಾನ. ಹೆತ್ತವರ ಸಾಲಕ್ಕೋ ಬರಗಾಲದ ಹಸಿವಿಗೋ ಎಂಟುಹತ್ತು ವರ್ಷದ ಹುಡುಗಿಯನ್ನು ಅನುಕೂಲಸ್ಥರ ಮನೆಯಲ್ಲಿ ಬಿಟ್ಟುಹೋಗುವುದು, ಊಟ, ಬಟ್ಟೆಗೆ ಪ್ರತಿಯಾಗಿ ಅವಳು ಆ ಮನೆಯ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಹಳ್ಳಿ, ಪಟ್ಟಣಗಳೆರಡರಲ್ಲೂ ಸಹಜವೆಂದು ನಡೆದುಬಂದ ರೂಢಿ. ಮನೆಯವರು ಅದನ್ನು ದುಡಿಮೆಯೆಂದು ಕರೆಯುತ್ತಿರಲಿಲ್ಲ. 'ನಮ್ಮ ಮನೆಯಲ್ಲಿ ಬೆಳೆದವಳು' ಎನ್ನುತ್ತಿದ್ದರು. ಒಂದು ಮಗುವಿನ ತಾಯಿಗೆ ದೊರೆತ ನೆರವು ಇನ್ನೊಂದು ಮಗುವಿನ ಬಾಲ್ಯವನ್ನೇ ಬೆಲೆಯಾಗಿ ತೆಗೆದುಕೊಳ್ಳುತ್ತಿತ್ತು. 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆ ಹಾಗೂ 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಹೊಲದ ಜೀತದತ್ತ ಆಡಳಿತದ ಕಣ್ಣನ್ನು ತಿರುಗಿಸಿದವು. ಅಡುಗೆಮನೆಯ ಹುಡುಗಿಯತ್ತ ಕಾನೂನು ನೇರವಾಗಿ ನೋಡಲು 2006ರವರೆಗೆ ಕಾಯಬೇಕಾಯಿತು. ಆ ವರ್ಷದ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು.

ಜನಪದ ಕಥನಗಳಲ್ಲಿ ಅನುಮಾನ ಮತ್ತು ಋಣ

ಹೊರಗಿನ ಹೆಣ್ಣನ್ನು ತೊಟ್ಟಿಲ ಬಳಿಗೆ ಬಿಟ್ಟುಕೊಳ್ಳುವಾಗ ಉಂಟಾಗುವ ಅಳುಕು ಜನಪದ ಕಥೆಗಳಲ್ಲಿ ದಟ್ಟವಾಗಿ ಮೂಡಿದೆ. ಕಿರಿಯ ರಾಣಿ ಹೆತ್ತಾಗ ಸವತಿಯರು ಸೂಲಗಿತ್ತಿಗೆ ಹೊನ್ನು ಕೊಟ್ಟು, ಕೂಸನ್ನು ಮರೆಮಾಡಿ ಅದರ ಎಡೆಯಲ್ಲಿ ಕಲ್ಲನ್ನೋ ಒನಕೆಯನ್ನೋ ನಾಯಿಮರಿಯನ್ನೋ ಇರಿಸುವ ಆಶಯ ಕನ್ನಡದ ಅನೇಕ ಕಥೆಗಳಲ್ಲಿ ಬರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಎಚ್ಚರದಪ್ಪಿದ ತಾಯಿಯ ಅಸಹಾಯಕತೆ, ಬಾಗಿಲಾಚೆ ನಿಂತ ಗಂಡಸರ ಅಜ್ಞಾನ, ಒಳಗೆ ನಡೆದುದಕ್ಕೆ ಏಕೈಕ ಸಾಕ್ಷಿಯಾದ ಸೂಲಗಿತ್ತಿಯ ಅಧಿಕಾರ ಈ ಮೂರೂ ಈ ಆಶಯದಲ್ಲಿ ಸೇರಿವೆ. ಬಯಲಾಟ, ಯಕ್ಷಗಾನಗಳ ಕೃಷ್ಣಲೀಲೆಯಲ್ಲಿ ಬರುವ ಪೂತನಿಯೂ ಇದೇ ಭಯದ ಇನ್ನೊಂದು ರೂಪ. ಆಕೆ ಬರುವುದು ಆಯುಧ ಹಿಡಿದ ರಕ್ಕಸಿಯಾಗಿ ಅಲ್ಲ, ಮೊಲೆಯೂಡಿಸಲು ಮುಂದಾದ ಚೆಲುವೆಯಾಗಿ.

ಆದರೆ ಅನುಮಾನದ ಈ ಕಥೆಗಳಲ್ಲಿಯೇ ಅದಕ್ಕೆ ಎದುರಾದ ಪಾತ್ರವೂ ಇದೆ. ಬೀಸಾಡಿದ ಕೂಸನ್ನು ಎತ್ತಿ ಸಾಕುವವಳು ಬಹುತೇಕ ಹೂವಾಡಗಿತ್ತಿ ಮುದುಕಿ. ಅವಳಿಗೆ ಯಾರೂ ಹೊನ್ನು ಕೊಟ್ಟಿಲ್ಲ, ಯಾರೂ ನೇಮಿಸಿಲ್ಲ. ಹಣಕ್ಕೆ ಬಂದ ಕೈ ಕೆಡಿಸುತ್ತದೆ, ಕರುಳಿಗೆ ಬಂದ ಕೈ ಕಾಪಾಡುತ್ತದೆ ಎಂಬ ಮೌಲ್ಯವಿಂಗಡಣೆ ಇಲ್ಲಿದೆ. 'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ' ಎಂಬ ಗಾದೆಯೂ ಇದೇ ನಿಲುವಿನದು. ಈ ಗಾದೆ ಸೇದ್ಯದ ಸಂದರ್ಭದಲ್ಲಿ ಒಕ್ಕಲಿಗನಿಗೆ ಎಚ್ಚರಿಕೆಯ ಮಾತಾಗಿದ್ದಿರಬಹುದು. ಮನೆಯೊಳಗೆ ಅದನ್ನು ಬಳಸಿದಾಗ ಮಾತ್ರ ಅದರ ಭಾರವೆಲ್ಲ ತಾಯಿಯ ಮೇಲೆ ಬೀಳುತ್ತದೆ. ನೆರವು ಪಡೆಯುವ ತಾಯಿ ಸೋಮಾರಿ, ನೆರವು ನೀಡುವ ಆಳು ಅಪ್ರಾಮಾಣಿಕಳು ಎಂಬ ಎರಡು ತೀರ್ಪುಗಳನ್ನು ಒಂದೇ ಉಸಿರಿನಲ್ಲಿ ಕೊಡುವ ಸಾಮರ್ಥ್ಯ ಆ ಮಾತಿಗಿದೆ.

ಬೀಸುವ ಪದ, ಕುಟ್ಟುವ ಪದ, ಜೋಗುಳಗಳನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕಾಗಿದೆ. ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರುಬದುರಾಗಿ ಕುಳಿತು ಗೂಟ ಹಿಡಿದಾಗ ಕಲ್ಲು ಹಗುರಾಗುತ್ತದೆ. ಹಾಡಿಗೂ ಜೊತೆ ದೊರೆಯುತ್ತದೆ. ಆ ಇನ್ನೊಬ್ಬಳು ನೆರೆಯವಳಾಗಿದ್ದರೆ ಅದು ಮುಯ್ಯಿ, ನಾದಿನಿಯಾಗಿದ್ದರೆ ಮನೆತನದ ಕರ್ತವ್ಯ, ಕೂಲಿಯವಳಾಗಿದ್ದರೆ ಊಳಿಗ. ಹಾಡು ಮೂವರಿಗೂ ಒಂದೇ. ಸಂಗ್ರಹಕಾರರು ಹಾಡಿನ ಪಠ್ಯವನ್ನು ಬರೆದುಕೊಂಡಷ್ಟು ಎಚ್ಚರದಿಂದ ಎದುರು ಕುಳಿತವಳು ಯಾರು, ಅವಳಿಗೆ ಏನು ದಕ್ಕಿತು ಎಂಬುದನ್ನು ಬರೆದುಕೊಳ್ಳಲಿಲ್ಲ ಎಂಬುದು ಜಾನಪದ ಅಧ್ಯಯನದ ಒಂದು ಕೊರತೆಯೆಂದೇ ಹೇಳಬೇಕು.

ನಗರ, ಸಂಬಳ ಮತ್ತು ಗಡಿಯಾರ

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಮೂರು ಕಡೆಯಿಂದ ಸಡಿಲಗೊಂಡಿತು. ಮೊದಲನೆಯದು ಆಸ್ಪತ್ರೆ. 1935ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯಂತಹ ಸಂಸ್ಥೆಗಳು ಹೆರಿಗೆಯನ್ನು ಮನೆಯಿಂದ ಹೊರಗೆ ತಂದವು. ತಾಯಿ, ಮಗುವಿನ ಜೀವ ಉಳಿಸುವಲ್ಲಿ ಇದು ದೊಡ್ಡ ಗಳಿಕೆ. ಆದರೆ ಆಸ್ಪತ್ರೆ ಹೆರಿಗೆಯನ್ನು ವಹಿಸಿಕೊಂಡಿತೇ ಹೊರತು ಬಾಣಂತನವನ್ನು ವಹಿಸಿಕೊಳ್ಳಲಿಲ್ಲ. ಸೂಲಗಿತ್ತಿ ಹಿಂದೆ ಸರಿದಾಗ ಅವಳು ಹೆರಿಗೆಯಾಚೆಗೂ ನೀಡುತ್ತಿದ್ದ ವಾರಗಟ್ಟಲೆಯ ನೆರವೂ ಹಿಂದೆ ಸರಿಯಿತು. ಎರಡನೆಯದು ಯಂತ್ರ. ಅಕ್ಕಿ ಮತ್ತು ಹಿಟ್ಟಿನ ಗಿರಣಿಗಳು, ನಲ್ಲಿಯ ನೀರು, ಅನಿಲದ ಒಲೆಗಳು ಮನೆಯ ಅತ್ಯಂತ ಭಾರದ ಕೆಲಸಗಳನ್ನು ಕಡಿಮೆ ಮಾಡಿದವು. ಕೊಟ್ಟಣದ ಕೂಲಿಯನ್ನೇ ನಂಬಿದ್ದ ಬಡ ಹೆಂಗಸರು ಅದರಿಂದ ಜೀವನೋಪಾಯವನ್ನೂ ಕಳೆದುಕೊಂಡರು. ಮೂರನೆಯದು ವಲಸೆ. ಹಿಂದುಸ್ತಾನ್ ವಿಮಾನ ಕಾರ್ಖಾನೆ (1940), ಭಾರತೀಯ ದೂರವಾಣಿ ಕಾರ್ಖಾನೆ (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಮುಂತಾದವು ಬೆಂಗಳೂರಿಗೆ ನೌಕರವರ್ಗವನ್ನು ಸೆಳೆದವು. ಗಂಡ, ಹೆಂಡತಿ, ಮಕ್ಕಳ ಚಿಕ್ಕ ಸಂಸಾರ ಬಡಾವಣೆಯ ಮನೆಗಳಲ್ಲಿ ನೆಲೆಯೂರಿತು. ತವರು ದೂರವಾಯಿತು, ನೆರೆಯವರು ಅಪರಿಚಿತರಾದರು, ಮುಯ್ಯಿಗೆ ಎಡೆಯಿಲ್ಲದಾಯಿತು.

ಒಂಟಿಯಾದ ತಾಯಿಯ ಸಂಕಟಕ್ಕೆ ಆಧುನಿಕ ಕನ್ನಡ ಸಾಹಿತ್ಯದಲ್ಲಿ ದನಿ ಕೊಟ್ಟವರಲ್ಲಿ ತ್ರಿವೇಣಿ ಪ್ರಮುಖರು. ಹೆರಿಗೆಯ ನಂತರದ ಮಾನಸಿಕ ಅಸ್ವಸ್ಥತೆಯನ್ನು ವಸ್ತುವಾಗಿ ಉಳ್ಳ 'ಶರಪಂಜರ' ಕಾದಂಬರಿ 1971ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಲನಚಿತ್ರವಾಗಿ ಮನೆಮಾತಾಯಿತು. ಅದನ್ನು ಬರೆದ ತ್ರಿವೇಣಿಯವರು ಸ್ವತಃ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಎಂಬುದು ಆರೈಕೆಗೆ ಸೇರಿದ ವಿಷಯ, ದೆವ್ವ, ದೃಷ್ಟಿಗಳಿಗೆ ಸೇರಿದ್ದಲ್ಲ ಎಂಬ ಅರಿವನ್ನು ಓದುಗವರ್ಗದಲ್ಲಿ ಬಿತ್ತಿದ ಶ್ರೇಯಸ್ಸು ಆ ಕೃತಿಗೆ ಸಲ್ಲಬೇಕು.

ಬಡಾವಣೆಯ ಮನೆಗೆ ಬಂದ ಹೊಸ ನೆರವು ಪಾತ್ರೆ, ಬಟ್ಟೆ, ಕಸಮುಸುರೆಯ ಕೆಲಸದವಳು. ಅವಳು ಒಂದು ಮನೆಗೆ ಸೇರಿದವಳಲ್ಲ. ಬೆಳಗಿನಿಂದ ನಾಲ್ಕೈದು ಮನೆಗಳನ್ನು ಸುತ್ತುವವಳು. ಬರಪೀಡಿತ ಜಿಲ್ಲೆಗಳಿಂದ, ತಮಿಳುನಾಡು, ಆಂಧ್ರಗಳಿಂದ ಬಂದು ಕೊಳೆಗೇರಿಗಳಲ್ಲಿ ನೆಲೆಸಿದ ಕುಟುಂಬಗಳ ಹೆಂಗಸರು ಈ ದುಡಿಮೆಗಿಳಿದರು. ಸಂಬಳವೆಂಬುದು ಹಲವು ದೃಷ್ಟಿಯಿಂದ ಬಿಡುಗಡೆಯಾಗಿತ್ತು. ಜೀತದಂತೆ ಅದು ಆಳಿನ ಇಡೀ ಬದುಕನ್ನು ಕೇಳಲಿಲ್ಲ. ಆಯದಂತೆ ಜಾತಿಯ ವೃತ್ತಿಗೆ ಕಟ್ಟಿಹಾಕಲಿಲ್ಲ. ಹಣ ನೇರವಾಗಿ ಹೆಣ್ಣಿನ ಕೈಗೆ ಬಂದಿತು. ಆದರೆ ಹಳೆಯ ರೂಢಿಗಳು ಹೊಸ ಮನೆಗೂ ನುಸುಳಿದವು. ಅವಳಿಗೆಂದೇ ಎತ್ತಿಟ್ಟ ಲೋಟ, ಹಿತ್ತಿಲ ಬಾಗಿಲು, ಉಳಿದ ಊಟ, ಹಬ್ಬಕ್ಕೊಂದು ಹಳೆಯ ಸೀರೆ ಇವು ಆಯದ ಮರ್ಯಾದೆಯನ್ನು ಕಳೆದುಕೊಂಡು ದಾನವಾಗಿ ಉಳಿದವು. ಸಂಬಳದ ರಜೆ, ಕಾಯಿಲೆಯ ರಜೆಗಳ ಪ್ರಶ್ನೆ ಬಂದಾಗ 'ಮನೆಯವಳಂತೆ' ಎಂಬ ಮಾತು, ಊಟದ ತಟ್ಟೆಯ ಪ್ರಶ್ನೆ ಬಂದಾಗ 'ಕೆಲಸದವಳು' ಎಂಬ ಮಾತು ಅನುಕೂಲಕ್ಕೆ ತಕ್ಕಂತೆ ಬಳಕೆಯಾದವು.

ಕಾನೂನಿನ ಹೊಸ್ತಿಲು

ಹೆಣ್ಣಿನ ದುಡಿಮೆ ಹಾಗೂ ತಾಯ್ತನಗಳನ್ನು ಒಟ್ಟಿಗೆ ಪರಿಗಣಿಸಿದ ಮೊದಲ ಕಾನೂನುಗಳು ಕಾರ್ಖಾನೆಯ ಗೇಟಿನಲ್ಲಿಯೇ ನಿಂತವು. 1948ರ ಕಾರ್ಖಾನೆ ಕಾಯ್ದೆ ಶಿಶುಪಾಲನಾ ಕೊಠಡಿಯ ನಿಯಮವನ್ನು ತಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಸಂಬಳಸಹಿತ ರಜೆಯನ್ನು ನೀಡಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ವಿಸ್ತರಿಸಿತು. ಈ ರಜೆ ಪಡೆದ ನೌಕರಿಯ ತಾಯಿಯ ಮನೆಯಲ್ಲಿ ದುಡಿಯುವ ಹೆಂಗಸಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಮನೆ ಎಂಬುದು ಕಾನೂನಿನ ದೃಷ್ಟಿಯಲ್ಲಿ ದುಡಿಮೆಯ ಜಾಗವೇ ಆಗಿರಲಿಲ್ಲ.

ಈ ಹೊಸ್ತಿಲನ್ನು ದಾಟುವಲ್ಲಿ ಕರ್ನಾಟಕದ ಪಾತ್ರ ಮುಖ್ಯವಾದುದು. ಬೆಂಗಳೂರಿನಲ್ಲಿ 1980ರ ದಶಕದಿಂದ ಮನೆಗೆಲಸದವರು ಸಂಘಟಿತರಾಗತೊಡಗಿದರು. ಅವರ ನಿರಂತರ ಒತ್ತಾಯದ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ಅಂದು ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯಡಿ ಮನೆಗೆಲಸಕ್ಕೂ ವೇತನವನ್ನು ಗೊತ್ತುಪಡಿಸಿ 2004ರಲ್ಲಿ ಅಧಿಸೂಚನೆ ಹೊರಡಿಸಿತು. ಇಂತಹ ಕ್ರಮ ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮನೆ ಒರೆಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಹೀಗೆ ಕೆಲಸವನ್ನು ಬಿಡಿಸಿ, ಅದಕ್ಕೆ ತಗಲುವ ಹೊತ್ತನ್ನು ಲೆಕ್ಕಹಾಕಿ ವೇತನ ನಿಗದಿ ಮಾಡಿದ ಆ ಕ್ರಮ ಐವರು ಧಾತ್ರಿಯರ ಹಳೆಯ ವಿಂಗಡಣೆಯನ್ನು ನೆನಪಿಗೆ ತರುವಂತಿದೆ. ಹೆಸರಿಟ್ಟು ಎಣಿಸಿದಾಗ ಮಾತ್ರ ಈ ದುಡಿಮೆ ಕಣ್ಣಿಗೆ ಕಾಣುತ್ತದೆ ಎಂಬುದು ಎರಡರ ಹಿಂದಿನ ಸಮಾನ ತಿಳಿವಳಿಕೆ. ಆದರೆ ಮನೆಯೊಳಗಿನ ವ್ಯವಹಾರವನ್ನು ಪರಿಶೀಲಿಸಲು ಅಧಿಕಾರಿಗಳಿಗೆ ದಾರಿಯಿಲ್ಲದ ಕಾರಣ ಅಧಿಸೂಚನೆ ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು.

ಮುಂದಿನ ವರ್ಷಗಳಲ್ಲಿ 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಬಂದಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೆಂಬ ಮನ್ನಣೆ ದೊರೆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಮನೆಗೆಲಸದವರ ಘನತೆಯ ದುಡಿಮೆ ಕುರಿತ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರವಾಗಿ ಮತ ನೀಡಿದರೂ ಅದನ್ನು ಸ್ಥಿರೀಕರಿಸಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್ ಈ ಸಂಬಂಧದ ದುರ್ಬಲತೆಯನ್ನು ಒಂದೇ ದಿನದಲ್ಲಿ ಬಯಲಿಗೆ ತಂದಿತು. ಬಹುಮಹಡಿ ವಸತಿಗಳ ಗೇಟುಗಳು ಮುಚ್ಚಿದಾಗ ಒಳಗಿನ ತಾಯಂದಿರು ನೆರವಿಲ್ಲದೆ ಕಂಗೆಟ್ಟರು. ಹೊರಗಿನ ತಾಯಂದಿರು ಸಂಬಳವಿಲ್ಲದೆ ಹಸಿದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಇದೇ ಅವಧಿಯಲ್ಲಿ ಪ್ರಭುತ್ವ ತಾನೇ ತಾಯಿಯ ನೆರವಿಗೆ ನಿಲ್ಲುವ ಪ್ರಯತ್ನಗಳೂ ನಡೆದವು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಕೇಂದ್ರಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. 2007ರ 'ಮಡಿಲು' ಯೋಜನೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಬಾಣಂತನದ ಸಾಮಗ್ರಿಯನ್ನು ನೀಡಿತು. 2023ರಲ್ಲಿ ಆರಂಭವಾದ 'ಕೂಸಿನ ಮನೆ' ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯತಿ ಮಟ್ಟದಲ್ಲಿ ಆಸರೆ ಒದಗಿಸಿತು. ಮಡಿಲು, ಕೂಸು, ಮನೆ ಎಂಬ ಹೆಸರುಗಳೇ ಪ್ರಭುತ್ವ ತವರಿನ ಸ್ಥಾನದಲ್ಲಿ ನಿಲ್ಲಬಯಸಿದುದನ್ನು ಸೂಚಿಸುತ್ತವೆ. ಆದರೆ ಅಂಗನವಾಡಿಯನ್ನು ನಡೆಸುವ ಹೆಣ್ಣುಮಗಳಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಕೆಲಸವನ್ನು ಕೊಂಡಾಡಿ ಕೂಲಿಯನ್ನು ಕಡಿಮೆ ಮಾಡುವ ಮೊರದ ಅಕ್ಕಿಯ ತರ್ಕ ಸರ್ಕಾರದ ಭಾಷೆಯಲ್ಲಿಯೂ ಮುಂದುವರಿದಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ತಾಯಿಗೆ ನೆರವು ಬೇಕೆಂಬುದು ನಗರಜೀವನದ ಹೊಸ ಬೇಡಿಕೆಯಲ್ಲ. ಬಾಣಂತನದಂತಹ ಏರ್ಪಾಡು ಆ ಅಗತ್ಯವನ್ನು ಬಹು ಹಿಂದೆಯೇ ಗುರುತಿಸಿತ್ತು. ನೆರವು ಪಡೆಯುವ ತಾಯಿಯನ್ನು ಸೋಮಾರಿಯೆಂದು ಹಳಿಯುವ ಮಾತಿಗೆ ಸಂಪ್ರದಾಯದ ಬೆಂಬಲವೂ ಇಲ್ಲ. ಎರಡನೆಯದಾಗಿ, ಹಿಂದಿನ ವ್ಯವಸ್ಥೆಯನ್ನು ಕೇವಲ ಪ್ರೀತಿಯ, ಸಹಕಾರದ ವ್ಯವಸ್ಥೆಯೆಂದು ಹಂಬಲಿಸುವುದೂ ಚರಿತ್ರೆಗೆ ಬಗೆವ ಅನ್ಯಾಯವಾಗುತ್ತದೆ. ಜಾತಿ, ಸಾಲ, ಹಸಿವುಗಳ ಬಲದಿಂದ ದೊರೆತ ನೆರವೂ ಅದರಲ್ಲಿ ಸೇರಿತ್ತು.

ಮೂರನೆಯದಾಗಿ, ಈ ದೀರ್ಘ ಚರಿತ್ರೆಯಲ್ಲಿ ಬದಲಾಗದೆ ಉಳಿದ ಸಂಗತಿಯೊಂದಿದೆ. ಭಾರವನ್ನು ಹಂಚಿಕೊಳ್ಳಲು ಬಂದವಳು ಬಹುತೇಕ ತಾನೂ ಒಬ್ಬ ತಾಯಿ. ಸೂಲಗಿತ್ತಿ ನಡುರಾತ್ರಿ ಎದ್ದುಹೋದಾಗ, ಜೀತದವಳು ಒಡೆಯನ ಅಂಗಳಕ್ಕೆ ನಡೆದಾಗ, ಮನೆಗೆಲಸದಾಕೆ ಬೆಳಗಿನ ಬಸ್ಸು ಹತ್ತಿದಾಗ ಅವಳ ಮಗುವನ್ನು ನೋಡಿಕೊಂಡವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಒಂದೇ: ಅವಳ ಹಿರಿಯ ಮಗಳು. ಒಬ್ಬ ತಾಯಿಯ ತಲೆಯಿಂದ ಇಳಿದ ಹೊರೆ ಇನ್ನೊಬ್ಬಳ ತಲೆಗೇರಿ, ಅಲ್ಲಿಂದ ಶಾಲೆ ಬಿಟ್ಟ ಬಾಲಕಿಯೊಬ್ಬಳ ಸೊಂಟಕ್ಕೆ ಬಂದು ನಿಲ್ಲುತ್ತದೆ. ಗಂಡಸು ಈ ಸರಪಣಿಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ ಎಂಬುದೂ ಗಮನಾರ್ಹವೇ.

ಸಂಬಳ, ರಜೆ, ಶಿಶುಪಾಲನಾ ಕೇಂದ್ರ ಈ ಮೂರೂ ನೆರವು ಪಡೆಯುವವಳಿಗೆ ಮಾತ್ರವಲ್ಲದೆ ನೆರವು ನೀಡುವವಳಿಗೂ ಸಿಕ್ಕಾಗ ಮಾತ್ರ ಈ ಸರಪಣಿ ತುಂಡಾಗುತ್ತದೆ. ಜಾನಪದ ಸಂಶೋಧನೆಗೂ ಇಲ್ಲಿ ಒಂದು ಹೊಣೆಯಿದೆ. ಸೂಲಗಿತ್ತಿಯರ ವಿದ್ಯೆಯನ್ನು ದಾಖಲಿಸಿದಂತೆಯೇ ಅವರಿಗೆ ಸಂದ ಪಡಿಯನ್ನೂ, ಜೋಗುಳವನ್ನು ಸಂಗ್ರಹಿಸಿದಂತೆಯೇ ಅದನ್ನು ಬೇರೆಯವರ ಮಗುವಿಗೆ ಹಾಡಿದವಳ ಬದುಕನ್ನೂ ದಾಖಲಿಸುವ ಕೆಲಸ ಆಗಬೇಕಾಗಿದೆ. ನೆನಪಿನಿಂದ ಹೇಳಬಲ್ಲ ತಲೆಮಾರಿನವರು ಇನ್ನೂ ಕೆಲವರು ಇರುವಾಗಲೇ ಆ ಕಾರ್ಯ ನಡೆಯುವುದು ಅಗತ್ಯ.